ಹಕ್ಕಿಯ ಹಿಕ್ಕೆ ಮತ್ತು ಹೊಳಪಿನ ಚರಿತ್ರೆ

ಕಳೆದ ಬೇಸಿಗೆಯಲ್ಲಿ ನಾಲ್ಕು ದಿನ ಊರಿನಲ್ಲಿರಲಿಲ್ಲ. ಮರಳಿ ಬಂದಾಗ ಮನೆಯ ಮುಂದೆ ನಿಲ್ಲಿಸಿದ್ದ ಕಾರಿನ ಬಾನೆಟ್ಟಿನ ಮೇಲೆ ಹನ್ನೊಂದು ಕಡೆ ಹಕ್ಕಿಯ ಹಿಕ್ಕೆ ಬಿದ್ದು ಒಣಗಿತ್ತು. ಎಣಿಸಿದ್ದು ನಾನಲ್ಲ, ಎದುರು ಮನೆಯವರು. ಅವರ ಕೈಯಲ್ಲಿ ಒಂದು ಅರ್ಜಿಯಿತ್ತು. ಮೈಸೂರಿನ ನಮ್ಮ ಬೀದಿಯ ಗೋಣಿಮರದಿಂದ ವಾಹನಗಳಿಗೆ ಹಾನಿಯಾಗುತ್ತಿದೆ, ಆದ್ದರಿಂದ ಮರವನ್ನು ತೆಗೆಸಿಕೊಡಬೇಕು ಎಂದು ವೃಕ್ಷಾಧಿಕಾರಿಗಳಿಗೆ ಬರೆದ ಅರ್ಜಿ. ಏಳು ಸಹಿಗಳಾಗಿದ್ದವು. ಎಂಟನೆಯದು ನನ್ನದಾಗಬೇಕಿತ್ತು. ‘ಓದಿ ಹಾಕ್ತೀನಿ’ ಎಂದು ಇಸಿದುಕೊಂಡೆ. ನಿಜ ಹೇಳಬೇಕೆಂದರೆ, ಆ ಕ್ಷಣ ಜೇಬಿನಲ್ಲಿ ಪೆನ್ನು ಇದ್ದಿದ್ದರೆ ಓದದೆಯೇ ಹಾಕಿಬಿಡುತ್ತಿದ್ದೆ.

ಸಿಟ್ಟಿನಲ್ಲಿ ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಒಣ ಬಟ್ಟೆ ತಂದು ಉಜ್ಜಿದೆ. ಗೋಣಿಹಣ್ಣಿನ ಸಣ್ಣ ಬೀಜಗಳು ಆ ಹಿಕ್ಕೆಯ ತುಂಬ ಇರುತ್ತವೆ ಎಂಬುದು ತಲೆಗೆ ಹೊಳೆಯಲಿಲ್ಲ. ಉಪ್ಪುಕಾಗದದಿಂದ ಉಜ್ಜಿದಂತೆ ಗೀರುಗಳು ಬಿದ್ದವು. ಆಮೇಲೆ ನೀರು ಹಾಕಿ ತೊಳೆದೆ. ಬಿಳಿ ಹೋಯಿತು, ಕಪ್ಪು ಹೋಯಿತು, ಆದರೆ ಬಿಸಿ ಲೋಟ ಇಟ್ಟ ಮೇಜಿನ ಮೇಲೆ ಉಳಿಯುವಂಥ ಮಂಕು ಗುರುತುಗಳು ಹಾಗೇ ಉಳಿದವು. ಗ್ಯಾರೇಜಿಗೆ ಒಯ್ದಾಗ ಅಲ್ಲಿನ ಹುಡುಗ ಟ್ಯೂಬ್‌ಲೈಟಿನ ಪ್ರತಿಬಿಂಬ ಬಾನೆಟ್ಟಿನ ಮೇಲೆ ಬೀಳುವಂತೆ ಬಗ್ಗಿ ನೋಡಿ, ‘ಕಲೆ ಹೋಗಿದೆ ಸಾರ್, ಇದು ಗುಂಡಿ’ ಎಂದ. ಪ್ರತಿಬಿಂಬದ ನೇರ ಗೆರೆ ಆ ಜಾಗಕ್ಕೆ ಬಂದಾಗ ಸೊಟ್ಟಗಾಗುತ್ತಿತ್ತು. ಮೆಷಿನ್ ಹಚ್ಚಿ ಅರ್ಧ ಗಂಟೆ ಪಾಲಿಶ್ ಮಾಡಿದ. ಎಂಟು ಗುರುತುಗಳು ಮಾಯವಾದವು, ಮೂರು ಉಳಿದವು. ‘ಇನ್ನೂ ಉಜ್ಜಬಹುದು, ಆದರೆ ಬೇಡ’ ಎಂದು ನಿಲ್ಲಿಸಿದ. ಅವನ ಕೈಯಲ್ಲಿದ್ದ ಬಟ್ಟೆಯನ್ನು ನೋಡಿದೆ. ಅಷ್ಟು ಉಜ್ಜಿದ ಮೇಲೂ ಅದು ಬೆಳ್ಳಗೇ ಇತ್ತು.

ನನಗೆ ಅಪ್ಪನ ಬಟ್ಟೆ ನೆನಪಾಯಿತು. ಅಪ್ಪ ಕೊಂಡದ್ದು ಕಡುನೀಲಿ ಬಣ್ಣದ ಒಂದು ಹಳೆಯ ಅಂಬಾಸಿಡರ್. ಪ್ರತಿವರ್ಷ ಆಯುಧಪೂಜೆಯ ಹಿಂದಿನ ದಿನ ಅದಕ್ಕೆ ಕಂಪೌಂಡ್ ಹಚ್ಚಿ, ಆಮೇಲೆ ಮೇಣದ ಪಾಲಿಶ್ ಹಚ್ಚಿ ತಿಕ್ಕುವುದು ನಮ್ಮ ಮನೆಯ ಹಬ್ಬದ ಕೆಲಸ. ಅದು ವರ್ಷವಿಡೀ ನಿಲ್ಲುತ್ತಿದ್ದುದು ಹುಣಸೆಮರದ ಕೆಳಗೆ. ಹಕ್ಕಿಗಳು ಅದನ್ನೂ ಬಿಟ್ಟಿರಲಿಲ್ಲ. ಆದರೆ ತಿಕ್ಕುವಾಗ ನಮ್ಮ ಹಳೆಯ ಬನಿಯನ್ ಚೂರುಗಳು ಕಡುನೀಲಿಯಾಗುತ್ತಿದ್ದವು, ಕಲೆಗಳು ಕಾಣದಾಗುತ್ತಿದ್ದವು. ಚಿಕ್ಕವನಾದ ನಾನು ಹುರುಪಿನಲ್ಲಿ ತಿಕ್ಕುತ್ತಲೇ ಇದ್ದರೆ ಅಪ್ಪ, ‘ಸಾಕು ಬಿಡೋ, ಇರೋ ಬಣ್ಣವೆಲ್ಲ ಬಟ್ಟೆಗೇ ಬರುತ್ತೆ’ ಎನ್ನುತ್ತಿದ್ದರು. ಅಂದಿನ ಬಟ್ಟೆ ನೀಲಿಯಾಗುತ್ತಿತ್ತು, ಇಂದಿನದು ಬೆಳ್ಳಗೇ ಉಳಿಯುತ್ತದೆ. ಈ ನಡುವೆ ಕಾರಿನ ಮೈಗೆ ಏನಾಯಿತು? ಅರ್ಜಿ ಒಂದು ವಾರ ನನ್ನ ಮೇಜಿನ ಮೇಲಿತ್ತು. ಆ ವಾರ ನಾನು ಓದಿದ್ದೆಲ್ಲ ಈ ಪ್ರಶ್ನೆಯ ಬೆನ್ನು ಹತ್ತಿಯೇ.

ಮೊದಲು ಹಿಕ್ಕೆಯ ವಿಷಯ. ಹಕ್ಕಿಗಳಿಗೆ ನಮ್ಮಂತೆ ಮೂತ್ರಕ್ಕೂ ಮಲಕ್ಕೂ ಬೇರೆ ದಾರಿಯಿಲ್ಲ. ಎರಡೂ ಒಂದೇ ದ್ವಾರದಿಂದ ಒಟ್ಟಿಗೆ ಬರುತ್ತವೆ. ಕಪ್ಪು ಅಥವಾ ಹಸಿರು ಭಾಗ ಮಲ. ಸುತ್ತಲಿನ ಬಿಳಿ ಭಾಗ ಮೂತ್ರಕ್ಕೆ ಸಮನಾದದ್ದು. ನಾವು ದೇಹದ ಸಾರಜನಕದ ಕಸವನ್ನು ಯೂರಿಯಾ ಮಾಡಿ ನೀರಿನಲ್ಲಿ ಕರಗಿಸಿ ಹೊರಹಾಕುತ್ತೇವೆ. ಹಕ್ಕಿ ಅದನ್ನು ಯೂರಿಕ್ ಆಮ್ಲವಾಗಿಸುತ್ತದೆ. ಈ ಆಮ್ಲ ನೀರಿನಲ್ಲಿ ಕರಗುವುದೇ ಕಷ್ಟ. ಒಂದು ಲೀಟರ್ ನೀರಿನಲ್ಲಿ ಕೆಲವು ಹತ್ತು ಮಿಲಿಗ್ರಾಂ ಮಾತ್ರ ಕರಗೀತು. ಆದ್ದರಿಂದ ಹಕ್ಕಿ ಹೊಟ್ಟೆಯಲ್ಲಿ ನೀರಿನ ಭಾರ ಹೊತ್ತು ಹಾರಬೇಕಿಲ್ಲ. ಮೊಟ್ಟೆಯೊಳಗಿನ ಮರಿಗೂ ತನ್ನ ಕಸವನ್ನು ಕರಗದ ಹರಳಾಗಿ ಪಕ್ಕಕ್ಕಿಟ್ಟುಕೊಂಡು ಬೆಳೆಯಲು ಸಾಧ್ಯವಾಗುತ್ತದೆ. ನಮ್ಮ ಬಾನೆಟ್ಟಿನ ಮೇಲೆ ಒಂದು ಮಳೆಗೆ ತೊಳೆದುಹೋಗದೆ ಅಂಟಿ ಕೂರುವ ಆ ಬಿಳುಪು, ಹಾರಾಟಕ್ಕಾಗಿ ಆದ ಏರ್ಪಾಡು.

ಯೂರಿಕ್ ಆಮ್ಲವನ್ನು 1776ರಲ್ಲಿ ಮೊದಲು ಬೇರ್ಪಡಿಸಿದವನು ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಷೀಲೆ. ಅವನಿಗೆ ಅದು ಸಿಕ್ಕಿದ್ದು ಮನುಷ್ಯರ ಮೂತ್ರಕೋಶದ ಕಲ್ಲುಗಳಲ್ಲಿ. ಅದಕ್ಕೆ ನೈಟ್ರಿಕ್ ಆಮ್ಲ ಹಾಕಿ ಕಾಯಿಸಿದರೆ ಕೆಂಪು ಬಣ್ಣ ಬರುತ್ತದೆ ಎಂಬುದನ್ನೂ ಅವನು ಗಮನಿಸಿದ್ದ. ಮುಂದೆ 1838ರಲ್ಲಿ ಜರ್ಮನಿಯ ಲೀಬಿಗ್ ಮತ್ತು ವೋಲರ್ ಆ ಕೆನ್ನೇರಳೆ ಬಣ್ಣಕ್ಕೆ ಮ್ಯೂರೆಕ್ಸೈಡ್ ಎಂದು ಹೆಸರಿಟ್ಟರು. ಪ್ರಾಚೀನ ರೋಮಿನ ಅರಸರ ಉಡುಪಿಗೆ ಬಣ್ಣ ಕೊಡುತ್ತಿದ್ದ ಮ್ಯೂರೆಕ್ಸ್ ಎಂಬ ಕಡಲ ಶಂಖುಹುಳುವಿನ ನೆನಪಿಗೆ ಆ ಹೆಸರು. ಆದರೆ ಬಣ್ಣ ತಯಾರಿಸಲು ರಾಶಿಗಟ್ಟಲೆ ಯೂರಿಕ್ ಆಮ್ಲ ಎಲ್ಲಿಂದ ತರುವುದು?

ಉತ್ತರ ಪೆರುವಿನ ಕರಾವಳಿಯ ದ್ವೀಪಗಳಲ್ಲಿತ್ತು. ಮಳೆಯೇ ಬಾರದ ಚಿಂಚಾ ದ್ವೀಪಗಳ ಮೇಲೆ ಕಡಲಹಕ್ಕಿಗಳ ಹಿಕ್ಕೆ ಶತಮಾನಗಳ ಕಾಲ ಬಿದ್ದು ಗುಡ್ಡಗಳಾಗಿತ್ತು. ಅಲ್ಲಿನವರು ಅದನ್ನು ಹೊಲಕ್ಕೆ ಬಳಸುತ್ತಿದ್ದರು. ಇಂಕಾ ಅರಸರ ಆಳ್ವಿಕೆಯಲ್ಲಿ ಆ ಹಕ್ಕಿಗಳನ್ನು ಕೊಂದವರಿಗೆ ಮರಣದಂಡನೆ ಇತ್ತೆಂದು ಗಾರ್ಸಿಲಾಸೊ ದೆ ಲಾ ವೇಗಾ ದಾಖಲಿಸಿದ್ದಾನೆ. 1804ರಲ್ಲಿ ಹಂಬೋಲ್ಟ್ ಅದರ ಮಾದರಿಯನ್ನು ಯುರೋಪಿಗೆ ಒಯ್ದ. 1840ರ ದಶಕದಿಂದ ಗ್ವಾನೋ ಎಂಬ ಹೆಸರಿನಲ್ಲಿ ಅದು ಹಡಗುಗಟ್ಟಲೆ ಇಂಗ್ಲೆಂಡಿಗೂ ಅಮೆರಿಕಕ್ಕೂ ಹೋಯಿತು. ಅದನ್ನು ಅಗೆದವರಲ್ಲಿ ಬಹಳ ಮಂದಿ ಚೀನಾದಿಂದ ಕರಾರಿನ ಮೇಲೆ ತಂದ ಕೂಲಿಗಳು. ಅವರ ಪಾಡು ಗುಲಾಮರ ಪಾಡಿಗಿಂತ ಬೇರೆಯಿರಲಿಲ್ಲ. 1856ರಲ್ಲಿ ಅಮೆರಿಕ, ಯಾರಿಗೂ ಸೇರದ ಗ್ವಾನೋ ದ್ವೀಪಗಳನ್ನು ತನ್ನ ಪ್ರಜೆಗಳು ವಶಪಡಿಸಿಕೊಳ್ಳಬಹುದೆಂದು ಕಾಯಿದೆಯನ್ನೇ ಮಾಡಿತು. ಗೊಬ್ಬರವಾಗಿ ಬಂದ ಈ ಸರಕಿನಿಂದಲೇ 1850ರ ದಶಕದಲ್ಲಿ ಮ್ಯಾಂಚೆಸ್ಟರಿನವರು ಯೂರಿಕ್ ಆಮ್ಲ ತೆಗೆದು, ಮ್ಯೂರೆಕ್ಸೈಡ್ ಮಾಡಿ, ರೇಷ್ಮೆಗೂ ಹತ್ತಿಗೂ ಬಣ್ಣ ಕಟ್ಟಿದರು. ಕೆಲವು ವರ್ಷ ಅದು ಫ್ಯಾಷನ್ನಾಯಿತು. ಕಲ್ಲಿದ್ದಲು ಉರಿಸುವ ನಗರಗಳ ಗಾಳಿಯಲ್ಲಿದ್ದ ಗಂಧಕದ ಹೊಗೆಗೆ ಆ ಬಣ್ಣ ಮಾಸಿಹೋಗುತ್ತಿತ್ತು. ಅಷ್ಟರಲ್ಲಿ ಪರ್ಕಿನ್ ಕಂಡುಹಿಡಿದ ಕೃತಕ ಬಣ್ಣಗಳು ಬಂದು ಅದನ್ನು ಮೂಲೆಗೆ ಸರಿಸಿದವು.

ಹಕ್ಕಿಯ ಹಿಕ್ಕೆ ಬಣ್ಣದ ಶತ್ರು ಎಂದು ಗೊಣಗುವ ನಮಗೆ, ಅದೇ ಒಂದು ಕಾಲದಲ್ಲಿ ಬಣ್ಣದ ಮೂಲವಾಗಿತ್ತು, ಆ ಬಣ್ಣವನ್ನು ಕೆಡಿಸಿದ್ದು ನಮ್ಮದೇ ಹೊಗೆ ಎಂಬುದು ವಿಚಿತ್ರವಾಗಿ ಕಾಣುತ್ತದೆ. ಈ ಹೊಗೆ ಕಾರಿನ ಕಥೆಯಲ್ಲಿ ಮತ್ತೊಮ್ಮೆ ಬರುತ್ತದೆ.

ಈಗ ಕಾರಿನ ಮೈಯ ವಿಷಯ. ಮೊದಲ ಮೋಟಾರುಗಳಿಗೆ ಬಣ್ಣ ಹಚ್ಚಿದವರು ಕುದುರೆಗಾಡಿಗಳಿಗೆ ಬಣ್ಣ ಹಚ್ಚುತ್ತಿದ್ದವರೇ. ಅಗಸೆ ಎಣ್ಣೆ, ಮರದ ರಾಳ, ಟರ್ಪೆಂಟೈನ್ ಸೇರಿಸಿದ ವಾರ್ನಿಶ್ ಅವರ ಸಾಮಗ್ರಿ. ಕುಂಚದಿಂದ ಒಂದು ಪದರ ಹಚ್ಚಬೇಕು, ಒಣಗಲು ಬಿಡಬೇಕು, ನೊರೆಗಲ್ಲಿನ ಪುಡಿಯಿಂದ ಉಜ್ಜಿ ನಯ ಮಾಡಬೇಕು, ಮತ್ತೊಂದು ಪದರ ಹಚ್ಚಬೇಕು. ಹೀಗೆ ಒಂದು ಗಾಡಿ ಮುಗಿಯಲು ವಾರಗಳೇ ಹಿಡಿಯುತ್ತಿದ್ದವು. ಹೊಳಪು ಎಂದರೆ ಕಾಯುವುದು, ಉಜ್ಜುವುದು. ಇದು ನಮಗೆ ಅಪರಿಚಿತವಲ್ಲ. ಚನ್ನಪಟ್ಟಣದ ಬೊಂಬೆಯವರು ತಿರುಗುವ ಕಟ್ಟಿಗೆಗೆ ಅರಗಿನ ಕಡ್ಡಿ ಒತ್ತಿ, ಬಿಸಿಗೆ ಕರಗಿಸಿ, ಆಮೇಲೆ ಗರಿಯಿಂದ ತಿಕ್ಕಿ ಮಿಂಚು ಬರಿಸುವುದೂ ಇದೇ ಜಾತಿಯ ಕೆಲಸ. ಇಂಗ್ಲಿಷಿನ ‘ಲ್ಯಾಕರ್’ ಎಂಬ ಪದದ ಬೇರು ಸಂಸ್ಕೃತದ ಲಾಕ್ಷಾ, ಅಂದರೆ ನಮ್ಮ ಅರಗು. ಪಾಂಡವರನ್ನು ಸುಡಲು ಕಟ್ಟಿದ ಮನೆಯ ಅರಗು. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆಯ ಹೆಸರೂ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂದಿತ್ತು. ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರ ಚುನಾವಣೆಯಿಂದ ಬರುತ್ತಿರುವುದು ಅಲ್ಲಿಂದಲೇ.

ಕಾರುಗಳನ್ನು ಸಾವಿರಗಟ್ಟಲೆ ತಯಾರಿಸತೊಡಗಿದಾಗ ಈ ಕಾಯುವಿಕೆಯೇ ದೊಡ್ಡ ಅಡ್ಡಿಯಾಯಿತು. ಬಿಡಿಭಾಗಗಳನ್ನು ಜೋಡಿಸಲು ಗಂಟೆಗಳು ಸಾಕು, ಬಣ್ಣ ಒಣಗಲು ವಾರಗಳು ಬೇಕು ಎಂದರೆ ಕಾರುಗಳನ್ನು ಎಲ್ಲಿ ನಿಲ್ಲಿಸುವುದು? ಹೆನ್ರಿ ಫೋರ್ಡನ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ಸಿಗುತ್ತಿತ್ತು. ಡಾಂಬರಿನ ಜಾತಿಯ ವಸ್ತು ಬೆರೆತ ಆ ಕಪ್ಪು ಅಗ್ಗವಾಗಿತ್ತು, ಗಟ್ಟಿಯಾಗಿತ್ತು. ಬಣ್ಣಗಳು ಮರಳಿ ಬಂದದ್ದು ಮದ್ದುಗುಂಡಿನ ಕಾರ್ಖಾನೆಯ ಕಡೆಯಿಂದ. ಹತ್ತಿಯನ್ನು ನೈಟ್ರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳಲ್ಲಿ ಅದ್ದಿದರೆ ನೈಟ್ರೋಸೆಲ್ಯುಲೋಸ್ ಸಿಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಹೊಗೆಯಿಲ್ಲದ ಮದ್ದಾಗಿ ಸುರಿದದ್ದು ಅದೇ. ಅಮೆರಿಕದ ಡ್ಯೂಪಾಂಟ್ ಕಂಪನಿ ಅದನ್ನು ಹೇರಳವಾಗಿ ತಯಾರಿಸುತ್ತಿತ್ತು. ಯುದ್ಧ ಮುಗಿಯಿತು, ಕಾರ್ಖಾನೆ ಉಳಿಯಿತು. ನೈಟ್ರೋಸೆಲ್ಯುಲೋಸಿನ ದ್ರಾವಣ ಗಂಜಿಯಷ್ಟು ಮಂದವಾಗಿದ್ದುದರಿಂದ ಅದರಲ್ಲಿ ಬಣ್ಣದ ಪುಡಿ ಹೆಚ್ಚು ಹಿಡಿಸುತ್ತಿರಲಿಲ್ಲ. 1920ರಲ್ಲಿ ಅದನ್ನು ತೆಳುವಾಗಿಸುವ ಉಪಾಯ ಸಿಕ್ಕಿತು. ಹೀಗೆ ಹುಟ್ಟಿದ ಡ್ಯೂಕೋ ಎಂಬ ಲ್ಯಾಕರನ್ನು ಜನರಲ್ ಮೋಟಾರ್ಸ್ 1923ರಲ್ಲಿ, ಮುಂದಿನ ವರ್ಷದ ಮಾದರಿಯಾಗಿ ಬಿಟ್ಟ ತನ್ನ ಓಕ್‌ಲ್ಯಾಂಡ್ ಕಾರುಗಳಿಗೆ ಸಿಂಪಡಿಸಿತು. ಬಣ್ಣದ ಹೆಸರು ಟ್ರೂ ಬ್ಲೂ. ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು.

ಆದರೆ ಡ್ಯೂಕೋ ಒಣಗಿದಾಗ ಮಂಕಾಗಿರುತ್ತಿತ್ತು. ಹೊಳಪು ಬೇಕೆಂದರೆ ಆಮೇಲೆ ಉಜ್ಜಲೇಬೇಕು. ಹೀಗಾಗಿ ಹಳೆಯ ಕಾಲದ ಒಂದು ಅಂಶ ಅದರಲ್ಲಿ ಉಳಿದುಕೊಂಡಿತ್ತು. ಮೇಲಿನಿಂದ ತಳದವರೆಗೆ ಅದು ಒಂದೇ ಬಣ್ಣ. ಬಿಸಿಲಿಗೆ ಮೇಲ್ಮೈ ಸತ್ತರೆ, ಹಕ್ಕಿಯ ಹಿಕ್ಕೆ ಕಚ್ಚಿದರೆ, ಸತ್ತ ಪದರವನ್ನು ತಿಕ್ಕಿ ತೆಗೆದರೆ ಕೆಳಗೆ ಅದೇ ಬಣ್ಣದ ಹೊಸ ಮೈ. ಆಮೇಲೆ ಬಂದ ಆಲ್ಕಿಡ್ ಎನಾಮೆಲ್‌ಗಳೂ, 1950ರ ದಶಕದ ಕೊನೆಯಲ್ಲಿ ಬಂದ ಆಕ್ರಿಲಿಕ್ ಲ್ಯಾಕರ್‌ಗಳೂ ಈ ವಿಷಯದಲ್ಲಿ ಅದರ ನೆಂಟರೇ. ಅಪ್ಪನ ಅಂಬಾಸಿಡರ್ ಈ ವಂಶದ್ದು. ನಮ್ಮ ಗ್ಯಾರೇಜುಗಳಲ್ಲಿ ಎನ್.ಸಿ. ಪೇಂಟ್ ಎಂದು ಇಂದಿಗೂ ಕೇಳಿಬರುವ ಹೆಸರು ಆ ನೈಟ್ರೋಸೆಲ್ಯುಲೋಸಿನ ಮೊದಲಕ್ಷರಗಳು. ಆ ಬಣ್ಣಗಳಿಗೂ ಹಿಕ್ಕೆಯಿಂದ ಹಾನಿಯಾಗುತ್ತಿತ್ತು. ಆದರೆ ಹಾನಿಯೂ ರಿಪೇರಿಯೂ ಕಣ್ಣಿಗೆ ಕಾಣುತ್ತಿದ್ದವು. ಎಷ್ಟು ಕಳೆದುಕೊಂಡೆವು ಎಂಬುದನ್ನು ಬಟ್ಟೆ ಹೇಳುತ್ತಿತ್ತು.

1980ರ ದಶಕದಲ್ಲಿ ಈ ಕ್ರಮ ಬದಲಾಯಿತು. ಲೋಹದ ಮಿಣುಕುಗಳಿರುವ ಬಣ್ಣಗಳಿಗೆ ಜನ ಮರುಳಾದರು. ಆ ಮಿಣುಕುಗಳು ಗಾಳಿಗೂ ಬಿಸಿಲಿಗೂ ತೆರೆದುಕೊಂಡರೆ ಬಾಳುವುದಿಲ್ಲ. ಆದ್ದರಿಂದ ಬಣ್ಣದ ಕೆಲಸವನ್ನು ಎರಡು ಪಾಲು ಮಾಡಿದರು. ಕೆಳಗೆ ಬಣ್ಣದ ತೆಳು ಪದರ, ಅದರ ಮೇಲೆ ಬಣ್ಣವೇ ಇಲ್ಲದ, ಗಾಜಿನಂತೆ ಪಾರದರ್ಶಕವಾದ ಕ್ಲಿಯರ್ ಕೋಟ್. ನಾವು ಇಂದು ಕಾರಿನ ಬಣ್ಣ ಎಂದು ಮುಟ್ಟುವುದು ಬಣ್ಣವನ್ನಲ್ಲ. ಈ ಪಾರದರ್ಶಕ ಚರ್ಮವನ್ನು. ಅದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ನಮ್ಮ ತಲೆಗೂದಲಿಗಿಂತ ತೆಳು. ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರುವ ರಾಸಾಯನಿಕಗಳು ಇರುವುದೂ ಅದರಲ್ಲೇ. ಅದು ಕಾರ್ಖಾನೆಯ ಒಲೆಯಿಂದ ಹೊರಬರುವಾಗಲೇ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಯಾರೂ ಉಜ್ಜಬೇಕಿಲ್ಲ.

ಈ ಚರ್ಮದ ದೌರ್ಬಲ್ಯ ಮೊದಲು ಬಯಲಾದದ್ದು ಹಕ್ಕಿಗಳಿಂದಲ್ಲ, ಮಳೆಯಿಂದ. ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್ ಕಾರುಗಳು ಬಂದಿಳಿಯುವ ದೊಡ್ಡ ಬಂದರು. ಬೇಸಿಗೆಯ ಬಿಸಿಲು, ತೇವ, ಇಬ್ಬನಿ, ಗಾಳಿಯಲ್ಲಿ ಗಂಧಕ ಮತ್ತು ಸಾರಜನಕದ ಆಮ್ಲಗಳು ಅಲ್ಲಿ ಒಟ್ಟು ಸೇರುತ್ತಿದ್ದವು. ಹನಿ ಬಾನೆಟ್ಟಿನ ಮೇಲೆ ಕೂತು ಬಿಸಿಲಿಗೆ ಒಣಗುತ್ತಾ ಹೋದಂತೆ ಅದರಲ್ಲಿನ ಆಮ್ಲ ಸಾಂದ್ರವಾಗಿ ಕ್ಲಿಯರ್ ಕೋಟನ್ನು ಕೊರೆಯುತ್ತಿತ್ತು. ಆಗಿನ ಹೆಚ್ಚಿನ ಕ್ಲಿಯರ್ ಕೋಟ್‌ಗಳಲ್ಲಿ ಆಕ್ರಿಲಿಕ್ ಸರಪಳಿಗಳನ್ನು ಒಂದಕ್ಕೊಂದು ಬೆಸೆಯುತ್ತಿದ್ದುದು ಮೆಲಮಿನ್. ಆಮ್ಲ ಮತ್ತು ನೀರು ಸೇರಿದರೆ ಆ ಬೆಸುಗೆಗಳೇ ಬಿಚ್ಚಿಕೊಳ್ಳುತ್ತವೆ. ಬಣ್ಣದ ಕಂಪನಿಗಳು ಜಾಕ್ಸನ್‌ವಿಲ್ಲನ್ನೇ ಪರೀಕ್ಷೆಯ ಬಯಲು ಮಾಡಿಕೊಂಡವು. ಬಣ್ಣ ಹಚ್ಚಿದ ತಗಡುಗಳನ್ನು ಬೇಸಿಗೆಯುದ್ದಕ್ಕೂ ಅಲ್ಲಿ ಮಲಗಿಸಿಟ್ಟು ಗುಂಡಿಗಳನ್ನು ಎಣಿಸುವುದು ವಾಡಿಕೆಯಾಯಿತು. ಪಾಲಿಯುರಿಥೇನ್, ಕಾರ್ಬಮೇಟ್, ಸಿಲೇನ್ ಬೆಸುಗೆಗಳ ಹೊಸ ಕ್ಲಿಯರ್ ಕೋಟ್‌ಗಳು ಬಂದದ್ದು ಇದರ ಫಲವಾಗಿ. ಇತ್ತ 1990ರಲ್ಲಿ ಅಮೆರಿಕ ತನ್ನ ಶುದ್ಧ ಗಾಳಿಯ ಕಾಯಿದೆಯನ್ನು ತಿದ್ದಿ ವಿದ್ಯುತ್ ಸ್ಥಾವರಗಳ ಗಂಧಕಕ್ಕೆ ಮಿತಿ ಹಾಕಿತು. ಮ್ಯೂರೆಕ್ಸೈಡನ್ನು ಮಾಸಿಸಿದ್ದ ಅದೇ ಹೊಗೆ, ಒಂದೂಕಾಲು ಶತಮಾನದ ನಂತರ ಕಾರುಗಳ ಮೈಯಲ್ಲಿ ಸಿಕ್ಕಿಬಿದ್ದಿತ್ತು.

ಹಕ್ಕಿಯ ಹಿಕ್ಕೆ ಮಳೆಗಿಂತ ಜಟಿಲ. ಯೂರಿಕ್ ಆಮ್ಲವೇ ಬಣ್ಣವನ್ನು ತಿನ್ನುತ್ತದೆ ಎಂದು ಬಹಳ ಜನ ನಂಬುತ್ತಾರೆ. ಆದರೆ ಅಷ್ಟು ಕಡಿಮೆ ಕರಗುವ, ದುರ್ಬಲವಾದ ಆಮ್ಲ ಒಂಟಿಯಾಗಿ ಇಷ್ಟು ಹಾನಿ ಮಾಡಿತೆಂದು ಹೇಳುವುದು ಕಷ್ಟ. 2009ರಲ್ಲಿ ಇರಾನಿನ ಸಂಶೋಧಕರ ತಂಡವೊಂದು ಕ್ಲಿಯರ್ ಕೋಟಿನ ಮೇಲೆ ನಿಜವಾದ ಹಿಕ್ಕೆಯನ್ನೂ, ಅದರ ಬದಲಿಗೆ ಪ್ಯಾಂಕ್ರಿಯಾಟಿನ್ ಎಂಬ ಜೀರ್ಣರಸದ ಮಿಶ್ರಣವನ್ನೂ ಇಟ್ಟು ಹೋಲಿಸಿ ನೋಡಿತು. ಎರಡೂ ಹಾನಿ ಮಾಡಿದವು. ಪ್ಯಾಂಕ್ರಿಯಾಟಿನ್‌ನಲ್ಲಿರುವುದು ಪಿಷ್ಟ, ಕೊಬ್ಬು, ಪ್ರೋಟೀನುಗಳನ್ನು ಕತ್ತರಿಸುವ ಕಿಣ್ವಗಳು. ಹಕ್ಕಿಯ ಹೊಟ್ಟೆಯಲ್ಲಿ ಹಣ್ಣನ್ನೋ ಹುಳುವನ್ನೋ ಕತ್ತರಿಸಿ ಮುಗಿಯದ ಕಿಣ್ವಗಳು ಹೊರಬಿದ್ದ ಮೇಲೂ, ತೇವ ಮತ್ತು ಶಾಖ ಸಿಕ್ಕಿದರೆ, ಬಣ್ಣದ ಬೆಸುಗೆಗಳನ್ನು ಕತ್ತರಿಸುತ್ತಲೇ ಇರುತ್ತವೆ. ಕಾರಿನ ಮೇಲೆ ಆಗುವುದು ಒಂದು ಬಗೆಯ ಜೀರ್ಣಕ್ರಿಯೆ.

ಇನ್ನೊಂದು ವಿವರಣೆ ಶಾಖಕ್ಕೆ ಸೇರಿದ್ದು. ಬಿರುಬಿಸಿಲಿನಲ್ಲಿ ಕಪ್ಪು ಕಾರಿನ ಬಾನೆಟ್ 70 ಡಿಗ್ರಿಯನ್ನೂ ಮುಟ್ಟಬಲ್ಲದು. ಆಗ ಕ್ಲಿಯರ್ ಕೋಟ್ ತುಸು ಮೆತ್ತಗಾಗಿ ಹಿಗ್ಗುತ್ತದೆ. ಹಿಕ್ಕೆ ಒಣಗಿ ಗಟ್ಟಿಯಾಗಿ ಕುಗ್ಗುತ್ತದೆ. ಸಂಜೆ ತಂಪಾದಾಗ ಮೆತ್ತಗಿದ್ದ ಚರ್ಮ ಆ ಒರಟು ಅಚ್ಚಿನ ಸುತ್ತ ಬಿಗಿದುಕೊಂಡು ಅದರ ಆಕಾರವನ್ನೇ ಉಳಿಸಿಕೊಳ್ಳುತ್ತದೆ. ಅರಗಿಗೆ ಮುದ್ರೆ ಒತ್ತಿದಂತೆ. ಕಾಳು, ಮರಳು ತಿನ್ನುವ ಹಕ್ಕಿಯ ಹಿಕ್ಕೆ ಒರಟು, ಹಣ್ಣು ತಿನ್ನುವ ಹಕ್ಕಿಯದು ನೀರಾಗಿ ಹೆಚ್ಚು ಜಾಗ ಹರಡುವಂಥದ್ದು. ಅಪ್ಪನ ಕಾರು ನಿಂತಿದ್ದುದು ಹುಣಸೆಯ ನೆರಳಿನಲ್ಲಿ, ನನ್ನದು ಗೋಣಿಮರದಿಂದ ನಾಲ್ಕು ಮಾರು ದೂರದ ಬಿಸಿಲಿನಲ್ಲಿ. ಮರದ ಹಕ್ಕಿಗಳು ಮುಟ್ಟಬಾರದೆಂದು ಅಷ್ಟು ದೂರ ನಿಲ್ಲಿಸಿ, ಮರದ ನೆರಳನ್ನೂ ನಾನೇ ಕಳೆದುಕೊಂಡಿದ್ದೆ.

ಹಾಗಾದರೆ ರಿಪೇರಿ ಹೇಗೆ? ಮೊದಲ ಕೆಲಸ ನೆನೆಸುವುದು. ಒದ್ದೆ ಬಟ್ಟೆಯನ್ನು ಹಿಕ್ಕೆಯ ಮೇಲೆ ಹತ್ತು ನಿಮಿಷ ಹಾಸಿಡಬೇಕು. ಒಣಗಿದ ಹಿಕ್ಕೆಯ ಧೂಳು ಉಸಿರಿಗೆ ಹೋದರೆ ಶ್ವಾಸಕೋಶದ ಸೋಂಕುಗಳು ಬರಬಹುದಾದ್ದರಿಂದಲೂ ಇದು ಒಳ್ಳೆಯದು. ಆಮೇಲೆ ಉಜ್ಜದೆ, ಚಿವುಟಿ ಎತ್ತಿದಂತೆ ಎತ್ತಬೇಕು, ಕಾರಿನ ಶಾಂಪೂ ಹಾಕಿ ತೊಳೆಯಬೇಕು. ಅಷ್ಟಕ್ಕೆ ಮೈ ನಯವಾಗಿದ್ದರೆ ಮೇಣ ಹಚ್ಚಿದರೆ ಮುಗಿಯಿತು. ಉಬ್ಬಿದಂಥ ಹಗುರ ಗುರುತುಗಳು ಕೆಲವೊಮ್ಮೆ ಮತ್ತೆ ಹಿತವಾದ ಶಾಖ ಸಿಕ್ಕಾಗ ತಾವೇ ಸಮವಾಗುತ್ತವೆ. ಹೋಗದಿದ್ದರೆ ನಯವಾದ ಪಾಲಿಶ್. ಅದಕ್ಕೂ ಬಗ್ಗದಿದ್ದರೆ ಒರಟಾದ ಕಂಪೌಂಡ್. ಗುಂಡಿ ಆಳವಾಗಿದ್ದರೆ 2000 ಅಥವಾ 3000 ನಂಬರಿನ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ತೀರ ಮೆಲ್ಲಗೆ ಉಜ್ಜಿ, ಮತ್ತೆ ಕಂಪೌಂಡ್, ಮತ್ತೆ ಪಾಲಿಶ್. ಬಲ್ಲ ಕೆಲಸಗಾರರು ಮೊದಲು ಬಣ್ಣದ ದಪ್ಪ ಅಳೆಯುವ ಮೀಟರ್ ಇಟ್ಟು ನೋಡುತ್ತಾರೆ. ಕ್ಲಿಯರ್ ಕೋಟ್ ತೂತಾಗಿ ಕೆಳಗಿನ ಬಣ್ಣ ತೆರೆದುಕೊಂಡಿದ್ದರೆ ಯಾವ ಪಾಲಿಶ್ ಕೂಡ ಕೆಲಸಕ್ಕೆ ಬಾರದು, ಆ ಭಾಗಕ್ಕೆ ಹೊಸದಾಗಿ ಬಣ್ಣ ಹೊಡೆಸಬೇಕು.

ಈ ಮೆಟ್ಟಿಲುಗಳಲ್ಲಿ ಒಂದು ಲೆಕ್ಕ ಅಡಗಿದೆ. ಪಾಲಿಶ್ ಗುಂಡಿಯನ್ನು ತುಂಬುವುದಿಲ್ಲ. ಗುಂಡಿಯ ಸುತ್ತಲಿನ ನೆಲವನ್ನೆಲ್ಲ ಅದರ ತಳದವರೆಗೆ ಇಳಿಸುತ್ತದೆ. ಎರಡು ಮೈಕ್ರಾನ್ ಆಳದ ಗಾಯ ಅಳಿಸಲು ಇಡೀ ಜಾಗದಿಂದ ಎರಡು ಮೈಕ್ರಾನ್ ತೆಗೆಯಬೇಕು. ಬಿಸಿಲನ್ನು ತಡೆಯುವ ಪದರವೂ ಅಷ್ಟೇ ತೆಳುವಾಗುತ್ತದೆ. ಇಂಥ ಕೆಲವೇ ಅವಕಾಶಗಳು ಒಂದು ಕಾರಿಗೆ ಇರುವುದು. ಆಮೇಲೆ ಒಂದು ಬೇಸಿಗೆಯಲ್ಲಿ ಅದು ಹಾವಿನ ಪೊರೆಯಂತೆ ಸಿಪ್ಪೆ ಏಳತೊಡಗುತ್ತದೆ. ಗ್ಯಾರೇಜಿನ ಹುಡುಗ ಮೂರು ಗುರುತುಗಳನ್ನು ಬಿಟ್ಟು ಕೈ ನಿಲ್ಲಿಸಿದ್ದು ಇದಕ್ಕೆ. ಅಪ್ಪ ‘ಸಾಕು ಬಿಡೋ’ ಎಂದದ್ದೂ ಇದಕ್ಕೇ. ಅಪ್ಪನಿಗೆ ಹೇಳಲು ಬಟ್ಟೆಯ ನೀಲಿ ಇತ್ತು. ಈ ಹುಡುಗ ಬೆಳ್ಳಗಿನ ಬಟ್ಟೆಯನ್ನು ನೋಡಿಕೊಂಡೇ, ಕಾಣದ್ದನ್ನು ಅಂದಾಜಿನಿಂದ ತಿಳಿದು ನಿಲ್ಲಿಸಬೇಕಾಯಿತು. ನೂರು ವರ್ಷಗಳಲ್ಲಿ ನಾವು ಹೊಳಪಿನಿಂದ ಕಾಯುವುದನ್ನು ತೆಗೆದೆವು, ಉಜ್ಜುವುದನ್ನು ತೆಗೆದೆವು, ಕೊನೆಗೆ ಸವೆಯುವುದು ಕಣ್ಣಿಗೆ ಬೀಳದಂತೆಯೂ ಮಾಡಿಕೊಂಡೆವು. ಸವೆತ ಮಾತ್ರ ನಿಂತಿಲ್ಲ. ಹಕ್ಕಿ ಮೇಲಿನಿಂದ ಬಂದು ಅದನ್ನು ತೋರಿಸಿದಾಗ ತಪ್ಪು ಹಕ್ಕಿಯದೆಂದು ಕಾಣುತ್ತದೆ.

ಆ ವಾರದ ಭಾನುವಾರ ಕೊಕ್ಕರೆಬೆಳ್ಳೂರಿಗೆ ಹೋಗಿಬಂದೆ. ಮದ್ದೂರು ತಾಲ್ಲೂಕಿನ ಈ ಊರಿನ ಮನೆಗಳ ನಡುವಿನ ಹುಣಸೆ, ಆಲ, ಅರಳಿ ಮರಗಳಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಚಳಿಗಾಲದಿಂದ ಬೇಸಿಗೆಯವರೆಗೆ ಗೂಡು ಕಟ್ಟಿ ಮರಿ ಮಾಡುತ್ತವೆ. ನಮ್ಮ ಬೀದಿಯ ಮೈನಾಗಳ ಹಿಕ್ಕೆ ಇವುಗಳ ಮುಂದೆ ಯಾವ ಲೆಕ್ಕ! ಎಲೆ, ಛಾವಣಿ, ಅಂಗಳ ಎಲ್ಲ ಬೆಳ್ಳಗೆ. ಮೀನಿನ ನಾತ ಬೇರೆ. ಆದರೆ ಇಲ್ಲಿನವರು ತಲೆಮಾರುಗಳಿಂದ ಮರದ ಕೆಳಗೆ ಕೆರೆಯ ಗೋಡು ಹರಡಿ, ಅದರ ಮೇಲೆ ಬಿದ್ದ ಹಿಕ್ಕೆಯನ್ನು ಬೆರೆಸಿ ಗದ್ದೆಗೆ ಒಯ್ದವರು. ಹಕ್ಕಿಗಳು ಬಂದ ವರ್ಷ ಮಳೆ ಬೆಳೆ ಎಂಬ ನಂಬಿಕೆ ಅವರದು. ಗೂಡುಗಳಿರುವ ಹುಣಸೆಮರದ ಫಸಲು ನಷ್ಟವಾಗುತ್ತದೆಂದು ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡೂ ಇದೆ. 2007ರಲ್ಲಿ ಈ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಇಲ್ಲಿಯೂ ಎಲ್ಲ ಸಲೀಸಲ್ಲ. ಹಿಕ್ಕೆಯ ನಾತ ಸಹಿಸುವವರು ಪ್ರವಾಸಿಗಳಲ್ಲ, ಊರಿನವರು. ಆದರೂ ಹಿಕ್ಕೆಯನ್ನು ಕಲೆ ಎಂದು ನೋಡಬೇಕೋ ಗೊಬ್ಬರ ಎಂದು ನೋಡಬೇಕೋ ಎಂಬುದು ಅದು ಬೀಳುವ ನೆಲವನ್ನು ಅವಲಂಬಿಸಿದೆ. ಗದ್ದೆ ಅದನ್ನು ಅರಗಿಸಿಕೊಳ್ಳುತ್ತದೆ. ನಲವತ್ತು ಮೈಕ್ರಾನಿನ ಗಾಜಿನಂಥ ಚರ್ಮಕ್ಕೆ ಅದು ಸಾಧ್ಯವಿಲ್ಲ.

ಮರಳಿ ಬಂದು ಗೋಣಿಮರದ ಬುಡಕ್ಕೆ ಹೋಗಿ ನೋಡಿದೆ. ಅದು ಯಾರೂ ನೆಟ್ಟ ಮರದಂತೆ ಕಾಣುವುದಿಲ್ಲ. ಬೇರುಗಳ ನಡುವೆ ಹಳೆಯ ಕಲ್ಲಿನ ಗೋಡೆಯ ತುಂಡೊಂದು ಸಿಕ್ಕಿಕೊಂಡಿದೆ. ಆಲ, ಅರಳಿ, ಗೋಣಿಗಳು ಗೋಡೆಯ ಸಂದಿಯಲ್ಲಿ ಹುಟ್ಟುವುದು ಹಕ್ಕಿಯ ಹೊಟ್ಟೆಯಲ್ಲಿ ಹಾದುಬಂದ ಬೀಜದಿಂದ. ನನ್ನ ಬಾನೆಟ್ಟನ್ನು ಗೀರಿದಂಥ ಒಂದು ಬೀಜ ಎಂದೋ ಆ ಗೋಡೆಯ ಮೇಲೆ ಬಿದ್ದಿರಬೇಕು. ಅಲ್ಲಿ ಒಣ ಬಟ್ಟೆ ಹಿಡಿದು ಉಜ್ಜುವವರು ಯಾರೂ ಇರಲಿಲ್ಲ.

ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಅನುಮತಿಗೆ ಕಾರಣ ಬೇಕು. ನಮ್ಮ ಅರ್ಜಿಯಲ್ಲಿದ್ದ ಕಾರಣ ಹನ್ನೊಂದು ಗುರುತುಗಳು, ಅದರಲ್ಲಿ ಎಂಟು ಅರ್ಧ ಗಂಟೆಯಲ್ಲಿ ಹೋಗಿದ್ದವು. ಉಳಿದ ಮೂರಕ್ಕೆ ಕಾರಣ ಹಕ್ಕಿಯಷ್ಟೇ ಅಲ್ಲ, ನಾಲ್ಕು ದಿನದ ನನ್ನ ಗೈರುಹಾಜರಿ ಮತ್ತು ಬಿಸಿಲು. ಅರ್ಜಿಯನ್ನು ಸಹಿ ಹಾಕದೆ ಮರಳಿಸಿದೆ. ಎದುರು ಮನೆಯವರಿಗೆ ಬೇಸರವಾಯಿತು. ಅವರದು ಹೊಸ ಕಾರು, ಕಂತು ಇನ್ನೂ ಐದು ವರ್ಷವಿದೆ. ಅವರ ಸಂಕಟವನ್ನು ನಾನು ಸುಳ್ಳೆನ್ನಲಾರೆ. ಉಸಿರಾಡುವ ಬಟ್ಟೆಯ ಹೊದಿಕೆ, ಒಂದು ಸ್ಪ್ರೇ ಬಾಟಲಿ ನೀರು, ಎರಡು ಮೆತ್ತನೆಯ ಬಟ್ಟೆ, ಇಷ್ಟನ್ನು ಅವರಿಗೂ ತಂದುಕೊಟ್ಟೆ. ತೆಗೆದುಕೊಂಡರು, ಆದರೆ ಮಾತಾಡಲಿಲ್ಲ. ಅರ್ಜಿ ಏಳು ಸಹಿಗಳೊಂದಿಗೆ ಹೋಗಿದೆ. ಮರವನ್ನು ನೋಡಲು ಇನ್ನೂ ಯಾರೂ ಬಂದಿಲ್ಲ.

ಈಗ ಬೆಳಗ್ಗೆ ಹಾಲು ತರಲು ಹೊರಟಾಗ ಬಾನೆಟ್ ನೋಡುವುದು ಅಭ್ಯಾಸವಾಗಿದೆ. ಬಿಸಿಲೇರುವ ಮೊದಲು ಒದ್ದೆ ಬಟ್ಟೆ ಹಾಸಿ ಹೋಗುತ್ತೇನೆ, ಹಾಲು ತಂದು ಬರುವಷ್ಟರಲ್ಲಿ ಹಿಕ್ಕೆ ಮೆತ್ತಗಾಗಿರುತ್ತದೆ. ಎತ್ತಿದ ಬಟ್ಟೆಯನ್ನು ಗೇಟಿನ ಪಕ್ಕದ ದಾಸವಾಳದ ಪಾತಿಯಲ್ಲಿ ಹಿಂಡುತ್ತೇನೆ. ಉಳಿದ ಮೂರು ಗುರುತುಗಳು ಹಾಗೆಯೇ ಇವೆ. ಸಂಜೆಯ ಓರೆ ಬೆಳಕಿನಲ್ಲಿ ಮಾತ್ರ ಕಾಣುತ್ತವೆ.